ಮನೆ ಮಾರುವ ಮುನ್ನ: ತೊಳೆಯಬೇಕಾದದ್ದು, ಸರಿಪಡಿಸಬೇಕಾದದ್ದು, ಹೇಳಬೇಕಾದದ್ದು

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ

ಮೊಬೈಲ್ ಕೊಳ್ಳುವಾಗ ನಾವು ನಾಲ್ಕು ಅಂಗಡಿ ತಿರುಗುತ್ತೇವೆ, ಗೆಳೆಯರನ್ನು ಕೇಳುತ್ತೇವೆ, ಇಷ್ಟವಾಗದಿದ್ದರೆ ಎರಡು ವರ್ಷದಲ್ಲಿ ಬದಲಾಯಿಸುತ್ತೇವೆ. ಮನೆಯ ವಿಷಯ ಹಾಗಲ್ಲ. ಸಾಮಾನ್ಯ ಕುಟುಂಬವೊಂದು ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಮನೆ ಮಾರುತ್ತದೆ ಅಥವಾ ಕೊಳ್ಳುತ್ತದೆ. ಹಾಗಾಗಿ ಈ ಕೆಲಸದಲ್ಲಿ ಹೆಚ್ಚಿನವರಿಗೆ ಅನುಭವವೇ ಇರುವುದಿಲ್ಲ. ಕೊಳ್ಳುವವರು ಬಂದು ಅರ್ಧ ಗಂಟೆ ನೋಡಿ ಹೋಗುತ್ತಾರೆ. ಆ ಅರ್ಧ ಗಂಟೆಯಲ್ಲಿ ಕಂಡದ್ದನ್ನು ನಂಬಿ ತಮ್ಮ ಜೀವಮಾನದ ಉಳಿತಾಯವನ್ನು ನಮ್ಮ ಕೈಗೆ ಕೊಡುತ್ತಾರೆ.

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಅಜ್ಜನ, ಅಂದರೆ ಉಮ್ಮನ ತಂದೆಯ ಮನೆಯನ್ನು ಮಾರುವುದೆಂದು ತೀರ್ಮಾನವಾಯಿತು. ಅಜ್ಜ ತೀರಿಕೊಂಡು ಮೂರು ವರ್ಷ ಕಳೆದಿತ್ತು. ಅಜ್ಜಿ ದೊಡ್ಡ ಮಾವನ ಜೊತೆ ಪೇಟೆಯಲ್ಲಿದ್ದಾರೆ. ಸಣ್ಣ ಮಾವ ಸೌದಿಯಲ್ಲಿದ್ದಾರೆ. ದಕ್ಷಿಣ ಕನ್ನಡದ ಹಳ್ಳಿಯೊಂದರಲ್ಲಿ ಕೆಂಪುಕಲ್ಲಿನ ಗೋಡೆ, ಹೆಂಚಿನ ಮಾಡು, ಕಾವಿ ನೆಲ ಮತ್ತು ಬಾವಿ ಇರುವ ಆ ಮನೆಗೆ ಒಂದು ವರ್ಷದಿಂದ ಬೀಗ ಬಿದ್ದಿತ್ತು. ಬರುವ ಹಣವನ್ನು ನಂಬಿಕೊಂಡು ಅಜ್ಜಿಯ ಔಷಧದ ಖರ್ಚು, ಚಿಕ್ಕಮ್ಮನ ಮನೆ ಸಾಲ, ನನ್ನ ಅಕ್ಕನ ನರ್ಸಿಂಗ್ ಕಾಲೇಜಿನ ಫೀಸು ಇಷ್ಟೂ ಕಾದಿದ್ದವು. ಮನೆಯನ್ನು ತೋರಿಸಲು ಸಿದ್ಧಪಡಿಸುವ ಕೆಲಸದಲ್ಲಿ ನಾನು ಹದಿನೈದು ದಿನ ಉಮ್ಮನ ಜೊತೆಗಿದ್ದೆ. ಅಲ್ಲಿ ಕಲಿತದ್ದನ್ನೂ, ನಮ್ಮ ಅರ್ಥಶಾಸ್ತ್ರ ಮತ್ತು ವ್ಯವಹಾರ ಅಧ್ಯಯನಕ್ಕೆ ಸಂಬಂಧಿಸಿದ ಕೆಲವು ವಿಷಯಗಳನ್ನೂ ಇಲ್ಲಿ ವಿವರಿಸುತ್ತೇನೆ.

ಮೊದಲ ಕೆಲಸ: ಖಾಲಿ ಮಾಡುವುದು

ಬಣ್ಣ ಬಳಿಯುವುದರಿಂದ ಕೆಲಸ ಆರಂಭವಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದಕ್ಕೂ ಮೊದಲು ಸಾಮಾನು ಖಾಲಿ ಮಾಡಬೇಕು. ಹಳೆಯ ಮನೆಯ ಅಟ್ಟದಲ್ಲಿ ಮೂವತ್ತು ನಲವತ್ತು ವರ್ಷದ ವಸ್ತುಗಳು ಇರುತ್ತವೆ. ನಾವು ಅವುಗಳನ್ನು ಮೂರು ರಾಶಿ ಮಾಡಿದೆವು: ಇಟ್ಟುಕೊಳ್ಳುವುದು, ಬೇರೆಯವರಿಗೆ ಕೊಡುವುದು, ಗುಜರಿಗೆ ಹಾಕುವುದು. ಕುರ್‌ಆನ್ ಪ್ರತಿಗಳು, ಕುಟುಂಬದ ಫೋಟೊಗಳು, ಅಜ್ಜನ ಪಾಸ್‌ಪೋರ್ಟ್, ಔಷಧ, ಬ್ಯಾಂಕಿನ ಪುಸ್ತಕ ಮುಂತಾದವು ಮೊದಲ ದಿನವೇ ಮಾವನ ಮನೆಗೆ ಹೋದವು. ಅಪರಿಚಿತರು ಓಡಾಡುವ ಮನೆಯಲ್ಲಿ ಇಂಥ ವಸ್ತುಗಳನ್ನು ಇಡಬಾರದು.

ಖಾಲಿ ಮಾಡಿದರೆ ಇನ್ನೊಂದು ಲಾಭವಿದೆ. ಕೊಳ್ಳಲು ಬರುವವರು ಕೋಣೆಯ ಅಳತೆಯನ್ನು ಕಣ್ಣಿನಿಂದ ಅಂದಾಜು ಮಾಡುತ್ತಾರೆ. ತಮ್ಮ ಮಂಚ ಎಲ್ಲಿ ಹಿಡಿಸುತ್ತದೆ, ಫ್ರಿಜ್ ಎಲ್ಲಿ ಇಡಬಹುದು ಎಂದು ಯೋಚಿಸುತ್ತಾರೆ. ಕೋಣೆಯ ತುಂಬ ನಮ್ಮ ಸಾಮಾನಿದ್ದರೆ ಅವರಿಗೆ ಅದು ಕಾಣುವುದಿಲ್ಲ. ಹಾಗೆಂದು ಪೂರ್ತಿ ಬರಿದು ಮಾಡುವುದೂ ಬೇಡ. ಜಗಲಿಯಲ್ಲಿ ನಾಲ್ಕು ಕುರ್ಚಿ, ಮಲಗುವ ಕೋಣೆಯಲ್ಲಿ ಒಂದು ಮಂಚ ಇದ್ದರೆ ಕೋಣೆಯ ಗಾತ್ರ ಸರಿಯಾಗಿ ತಿಳಿಯುತ್ತದೆ.

ಬೆಳಕು ಮತ್ತು ವಾಸನೆ

ಮುಚ್ಚಿದ ಮನೆಗೆ ಒಂದು ವಾಸನೆ ಇರುತ್ತದೆ. ಅದನ್ನು ಊದುಬತ್ತಿ ಹಚ್ಚಿ ಓಡಿಸಲು ಸಾಧ್ಯವಿಲ್ಲ. ವಾಸನೆಗೆ ಕಾರಣ ತೇವ, ಬೂಷ್ಟು, ಇಲಿ ಹಿಕ್ಕೆ ಮತ್ತು ಬಳಸದೆ ಬಿಟ್ಟ ಬಚ್ಚಲಿನ ಪೈಪು. ಪಾಯಿಖಾನೆ ಹಾಗೂ ಸಿಂಕಿನ ಪೈಪಿನ ಬಾಗಿನಲ್ಲಿ ಯಾವಾಗಲೂ ಸ್ವಲ್ಪ ನೀರು ನಿಂತಿರಬೇಕು. ಗುಂಡಿಯ ದುರ್ವಾಸನೆ ಮನೆಯೊಳಗೆ ಬಾರದಂತೆ ತಡೆಯುವುದು ಆ ನೀರೇ. ತಿಂಗಳುಗಟ್ಟಲೆ ನೀರು ಬಿಡದಿದ್ದರೆ ಅದು ಆರಿಹೋಗಿ ವಾಸನೆ ಬರುತ್ತದೆ. ಪ್ರತಿ ಪೈಪಿಗೂ ಒಂದು ಬಕೆಟ್ ನೀರು ಹೊಯ್ದರೆ ಸಾಕು. ಉಳಿದದ್ದಕ್ಕೆ ಕಿಟಕಿಗಳನ್ನು ದಿನಾ ಬೆಳಗ್ಗಿನಿಂದ ಸಂಜೆಯವರೆಗೆ ತೆರೆದಿಡಬೇಕು.

ನಮ್ಮ ಕರಾವಳಿಯ ಹೆಂಚಿನ ಮನೆಗಳಲ್ಲಿ ಬೆಳಕಿಗಾಗಿ ಅಲ್ಲಲ್ಲಿ ಗಾಜಿನ ಹೆಂಚು ಹಾಕುತ್ತಾರೆ. ಅಜ್ಜನ ಮನೆಯಲ್ಲಿ ಇಂಥ ನಾಲ್ಕು ಹೆಂಚುಗಳು ಪಾಚಿ ಕಟ್ಟಿ ಕಪ್ಪಾಗಿದ್ದವು. ಅವುಗಳನ್ನು ಇಳಿಸಿ ಸೋಪು ನೀರಿನಲ್ಲಿ ತಿಕ್ಕಿ ಮತ್ತೆ ಹಾಕಿದಾಗ ಅಡುಗೆ ಕೋಣೆಯಲ್ಲಿ ಹಗಲು ಬಲ್ಬು ಬೇಡವಾಯಿತು. ಹೊಸ ಟ್ಯೂಬ್‌ಲೈಟ್‌ಗಿಂತ ಈ ಕೆಲಸಕ್ಕೆ ಬಿದ್ದ ಖರ್ಚು ಕಡಿಮೆ. ಕಾವಿ ನೆಲವನ್ನು ಆಸಿಡ್ ಹಾಕಿ ತೊಳೆಯಬಾರದು, ಬಣ್ಣ ಕಿತ್ತುಹೋಗುತ್ತದೆ. ಬರೀ ನೀರಿನಿಂದ ತೊಳೆದು ಒಣ ಬಟ್ಟೆಯಿಂದ ತಿಕ್ಕಿದರೆ ಹಳೆಯ ಹೊಳಪು ಹಿಂದಿರುಗುತ್ತದೆ.

ಮಾಡು, ಮರ, ಗೆದ್ದಲು

ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ನಂತರ ಈ ಭಾಗದಲ್ಲಿ ಹೆಂಚಿನ ಮಾಡು ಜನಪ್ರಿಯವಾಯಿತು. ಇಂಥ ಮಾಡಿನ ದೊಡ್ಡ ಅನುಕೂಲವೆಂದರೆ, ಒಂದು ಹೆಂಚು ಒಡೆದರೆ ಆ ಒಂದನ್ನೇ ಬದಲಾಯಿಸಬಹುದು. ಆದರೆ ಒಡೆದ ಹೆಂಚನ್ನು ಹಾಗೆಯೇ ಬಿಟ್ಟರೆ ಅದರ ಕೆಳಗಿನ ರೀಪು, ಅದರ ಕೆಳಗಿನ ಪಕ್ಕಾಸು ಒದ್ದೆಯಾಗಿ ಕೊಳೆಯುತ್ತವೆ. ಒಂದು ಹೆಂಚಿನ ಖರ್ಚಿನಲ್ಲಿ ಮುಗಿಯುವ ಕೆಲಸ ಮರದ ಕೆಲಸವಾಗಿ ಬೆಳೆಯುತ್ತದೆ. ಹಗಲಿನಲ್ಲಿ ದೀಪ ಆರಿಸಿ ಒಳಗಿನಿಂದ ಮೇಲೆ ನೋಡಿದರೆ ಎಲ್ಲೆಲ್ಲಿ ಬೆಳಕು ನುಸುಳುತ್ತದೆಯೋ ಅಲ್ಲೆಲ್ಲ ಮಳೆಯೂ ನುಸುಳುತ್ತದೆ ಎಂದು ತಿಳಿಯಬಹುದು.

ಗೆದ್ದಲಿಗೂ ಒಂದು ಸುಲಭ ಪರೀಕ್ಷೆ ಇದೆ. ಗೋಡೆಯ ಮೇಲೆ ಅಥವಾ ಬಾಗಿಲಿನ ದಾರಂದದಲ್ಲಿ ಮಣ್ಣಿನ ಗೆರೆ ಕಂಡರೆ ಅದರ ಎರಡಿಂಚು ಭಾಗವನ್ನು ಕೆರೆದು ತೆಗೆಯಬೇಕು. ಕೆಲವು ದಿನ ಬಿಟ್ಟು ನೋಡಿದಾಗ ಆ ಭಾಗ ಮತ್ತೆ ಮಣ್ಣಿನಿಂದ ಕೂಡಿಕೊಂಡಿದ್ದರೆ ಗೆದ್ದಲು ಜೀವಂತ ಇದೆ ಎಂದರ್ಥ. ಕೂಡಿಕೊಳ್ಳಲಿಲ್ಲವೆಂದ ಮಾತ್ರಕ್ಕೆ ಗೆದ್ದಲು ಹೋಗಿದೆ ಎನ್ನಲಾಗದು, ಅದು ಬೇರೆ ದಾರಿ ಹಿಡಿದಿರಬಹುದು. ಮರವನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಬಡಗಿಯನ್ನು ಕರೆಯಬೇಕು. ಮೇಲೆ ವಾರ್ನಿಷ್ ಹೊಡೆದರೆ ಒಳಗಿನ ಹುಳ ಸಾಯುವುದಿಲ್ಲ.

ಬಾವಿಯ ಲೆಕ್ಕ

ನಮ್ಮ ಕಡೆ ಮನೆ ನೋಡಲು ಬರುವವರು ಜಗಲಿಯಲ್ಲಿ ಕೂರುವ ಮೊದಲೇ ಬಾವಿಗೆ ಬಗ್ಗಿ ನೋಡುತ್ತಾರೆ. "ಮೇ ತಿಂಗಳಲ್ಲಿ ನೀರು ಎಷ್ಟಿರುತ್ತದೆ?" ಎಂಬುದು ಅವರ ಮೊದಲ ಪ್ರಶ್ನೆ. ಆದ್ದರಿಂದ ಬಾವಿಯ ಕಸ, ಕೆಸರು ತೆಗೆಸಿ ಶುದ್ಧೀಕರಿಸಬೇಕು. ಕೆಸರು ತೆಗೆಯುವುದು ಬಾವಿ ಕೆಲಸ ಬಲ್ಲವರದ್ದೇ ಕೆಲಸ. ಹಳೆಯ ಬಾವಿಯ ತಳದಲ್ಲಿ ಉಸಿರಾಡಲು ಗಾಳಿ ಸಾಲದೆ ಹೋಗಬಹುದು, ನಮ್ಮಂಥವರು ಇಳಿಯಲೇಬಾರದು.

ಶುದ್ಧೀಕರಣದ ಲೆಕ್ಕ ಗಣಿತ ತಿಳಿದ ಯಾರಿಗೂ ಬರುತ್ತದೆ. ಬಾವಿಯ ವ್ಯಾಸ 2 ಮೀಟರ್, ನೀರಿನ ಆಳ 3 ಮೀಟರ್ ಎಂದುಕೊಳ್ಳಿ. 3.14 × 2 × 2 × 3 ÷ 4 = 9.42 ಘನ ಮೀಟರ್, ಅಂದರೆ 9,420 ಲೀಟರ್ ನೀರು. 1,000 ಲೀಟರಿಗೆ ಒಳ್ಳೆಯ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಬೇಕು. ಹಾಗಾದರೆ ಈ ಬಾವಿಗೆ ಸುಮಾರು 24 ಗ್ರಾಂ. ಪುಡಿಯನ್ನು ಬಕೆಟ್‌ನಲ್ಲಿ ನೀರಿನೊಂದಿಗೆ ಕಲಸಿ ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಸೇರಿಸಿ, ಕನಿಷ್ಠ ಒಂದು ಗಂಟೆ ನೀರು ಸೇದಬಾರದು. ತಳದ ಸುಣ್ಣವನ್ನು ಬಾವಿಗೆ ಸುರಿದರೆ ನೀರು ಗಡಸಾಗುತ್ತದೆ. ಕೊಳಕು ಹೆಚ್ಚಿದ್ದರೆ ಪುಡಿಯೂ ಹೆಚ್ಚು ಬೇಕಾಗುತ್ತದೆ, ಆಗ ಆರೋಗ್ಯ ಕಾರ್ಯಕರ್ತರನ್ನು ಕೇಳುವುದು ಒಳ್ಳೆಯದು.

ಗೋಡೆಯ ಪಸೆ

ಇನ್ನು ಕಷ್ಟದ ವಿಷಯಕ್ಕೆ ಬರೋಣ. ಅಜ್ಜನ ಮನೆಯ ಅಡುಗೆ ಕೋಣೆಯ ಹಿಂದಿನ ಗೋಡೆ ಮಳೆಗಾಲದಲ್ಲಿ ಒದ್ದೆಯಾಗುತ್ತದೆ. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಕೆಂಪುಕಲ್ಲಿನಲ್ಲಿ ಸಣ್ಣ ಸಣ್ಣ ರಂಧ್ರಗಳಿವೆ. ಅಡಿಪಾಯದ ಬಳಿ ನಿಂತ ನೀರು ಆ ರಂಧ್ರಗಳ ಮೂಲಕ ಕ್ಯಾಪಿಲರಿ ಕ್ರಿಯೆಯಿಂದ ಮೇಲೇರುತ್ತದೆ, ದೀಪದ ಬತ್ತಿ ಎಣ್ಣೆಯನ್ನು ಹೀರುವ ಹಾಗೆ. ಬರುವಾಗ ಮಣ್ಣಿನ ಮತ್ತು ಕಲ್ಲಿನ ಲವಣಗಳನ್ನು ಕರಗಿಸಿ ತರುತ್ತದೆ. ಗೋಡೆಯ ಮೇಲ್ಮೈಯಲ್ಲಿ ನೀರು ಆವಿಯಾದಾಗ ಲವಣ ಅಲ್ಲೇ ಉಳಿದು ಹರಳುಗಟ್ಟುತ್ತದೆ. ನಾವು ಕಾಣುವ ಬಿಳಿ ಪುಡಿ ಇದೇ. ಈ ಹರಳುಗಳು ಬೆಳೆಯುವಾಗ ಬಣ್ಣವನ್ನೂ ಗಾರೆಯನ್ನೂ ತಳ್ಳಿ ಉದುರಿಸುತ್ತವೆ.

ಬೇಸಿಗೆಯಲ್ಲಿ ಇಂಥ ಗೋಡೆಗೆ ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಗೋಡೆ ಹೊಸದರಂತೆ ಕಾಣುತ್ತದೆ. ಆದರೆ ಒಳಗಿನ ತೇವ ಹೊರಬರಲು ದಾರಿಯಿಲ್ಲದೆ, ಜೂನ್ ಕಳೆಯುವಷ್ಟರಲ್ಲಿ ಬಣ್ಣ ಗುಳ್ಳೆ ಏಳುತ್ತದೆ. ಸುಣ್ಣ ಹಾಗಲ್ಲ, ಅದು ತೇವವನ್ನು ಹೊರಗೆ ಬಿಡುತ್ತದೆ. ಹಿಂದಿನವರು ಕಲ್ಲಿನ ಗೋಡೆಗೆ ಸುಣ್ಣ ಬಳಿಯುತ್ತಿದ್ದುದರಿಂದ ಈ ಅನುಕೂಲವೂ ಇತ್ತು. ನಿಜವಾದ ಪರಿಹಾರ ಗೋಡೆಯ ಹೊರಗಿದೆ: ಮಾಡಿನಿಂದ ಬೀಳುವ ನೀರು ಗೋಡೆಯ ಬುಡದಲ್ಲಿ ನಿಲ್ಲದೆ ದೂರ ಹರಿಯುವಂತೆ ಚರಂಡಿ ಮಾಡಬೇಕು, ಗೋಡೆಗೆ ಒತ್ತಿ ನಿಂತ ಮಣ್ಣನ್ನು ತೆಗೆಯಬೇಕು, ನೆಲದ ಇಳಿಜಾರನ್ನು ಸರಿಪಡಿಸಬೇಕು. ನಮ್ಮ ಮೇಸ್ತ್ರಿ ಇಷ್ಟಕ್ಕೆ ನಲವತ್ತು ಸಾವಿರ ರೂಪಾಯಿ ಅಂದಾಜು ಹೇಳಿದರು. ಅಷ್ಟು ಹಣ ಆಗ ನಮ್ಮ ಕೈಯಲ್ಲಿ ಇರಲಿಲ್ಲ.

ಹೇಳಬೇಕೋ, ಬೇಡವೋ?

ಈ ಗೋಡೆಯ ವಿಷಯದಲ್ಲಿ ಮನೆಯಲ್ಲಿ ಚರ್ಚೆಯಾಯಿತು. ದೊಡ್ಡ ಮಾವ, "ಬಣ್ಣ ಹೊಡೆಸಿಬಿಡುವ. ಕೇಳಿದರೆ ಹೇಳುವ. ನಾವಾಗಿ ಯಾಕೆ ಹೇಳಬೇಕು ಉಮ್ಮಾ?" ಎಂದರು. ಅವರನ್ನು ನಾನು ತಪ್ಪು ಎನ್ನಲಾರೆ. ಬೆಲೆ ಕಡಿಮೆಯಾದರೆ ಎಲ್ಲರ ಪಾಲೂ ಕಡಿಮೆಯಾಗುತ್ತದೆ, ಅದರಲ್ಲಿ ನನ್ನ ಅಕ್ಕನ ಫೀಸೂ ಇದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ಹೇಳದಿದ್ದರೆ ಮಳೆ ಹೇಳುತ್ತದೆ ಮಗಾ. ಅದಕ್ಕಿಂತ ಮೊದಲು ನಾವೇ ಹೇಳುವ" ಎಂದರು.

ಈ ಪ್ರಶ್ನೆಗೆ ಕಾನೂನಿನಲ್ಲಿ ಸ್ಪಷ್ಟ ಉತ್ತರವಿದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿರುವ, ಕೊಳ್ಳುವವನಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಪತ್ತೆಯಾಗದ ಮುಖ್ಯ ದೋಷವನ್ನು ಮಾರುವವನು ತಿಳಿಸಲೇಬೇಕು. ದೋಷ ಮನೆಯಲ್ಲಿರಬಹುದು, ಹಕ್ಕುಪತ್ರದಲ್ಲಿರಬಹುದು. ತಿಳಿಸದಿರುವುದನ್ನು ಕಾಯ್ದೆ ವಂಚನೆ ಎಂದೇ ಪರಿಗಣಿಸುತ್ತದೆ. ಒಡೆದ ಹೆಂಚು ನೋಡಿದವರಿಗೆ ಕಾಣುತ್ತದೆ. ಏಪ್ರಿಲ್‌ನಲ್ಲಿ ಹೊಸ ಬಣ್ಣದ ಹಿಂದೆ ಅಡಗಿದ ಜುಲೈನ ಪಸೆ ಎಷ್ಟು ಎಚ್ಚರಿಕೆಯಿಂದ ನೋಡಿದರೂ ಕಾಣುವುದಿಲ್ಲ.

ನಮ್ಮಲ್ಲಿ ಹಲವರಿಗೆ ಚಿಕ್ಕಂದಿನಿಂದ ಗೊತ್ತಿರುವ ಘಟನೆಯೊಂದು ಇಲ್ಲಿ ನೆನಪಾಗುತ್ತದೆ. ಪ್ರವಾದಿ ಮುಹಮ್ಮದರು (ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟಾಗ ಒಳಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದು ವ್ಯಾಪಾರಿ ಹೇಳಿದ. ಹಾಗಿದ್ದರೆ ಜನರಿಗೆ ಕಾಣುವಂತೆ ಅದನ್ನು ಮೇಲೆ ಇಡಬೇಕಿತ್ತಲ್ಲವೇ ಎಂದು ಪ್ರವಾದಿಯವರು ಕೇಳಿದರು. ಧಾನ್ಯ ನೆನೆದದ್ದು ಆ ವ್ಯಾಪಾರಿಯ ತಪ್ಪಲ್ಲ. ನೆನೆದದ್ದನ್ನು ಕೆಳಗಿಟ್ಟದ್ದು ತಪ್ಪು.

ಅರ್ಥಶಾಸ್ತ್ರವೂ ಇದರ ಬಗ್ಗೆ ಮಾತನಾಡುತ್ತದೆ. ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಬಗ್ಗೆ ಒಂದು ಲೇಖನ ಬರೆದರು. ಕಾರಿನ ನಿಜವಾದ ಸ್ಥಿತಿ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಯಾವುದು ಒಳ್ಳೆಯದು, ಯಾವುದು ಕೆಟ್ಟದು ಎಂದು ತಿಳಿಯದ ಕೊಳ್ಳುವವನು ಎಲ್ಲದಕ್ಕೂ ನಡುವಿನ ಒಂದು ಬೆಲೆಯನ್ನಷ್ಟೇ ಕೊಡಲು ಒಪ್ಪುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರು ಇರುವವರು ಮಾರಲು ಒಪ್ಪುವುದಿಲ್ಲ. ಕೊನೆಗೆ ಮಾರುಕಟ್ಟೆಯಲ್ಲಿ ಕೆಟ್ಟ ಕಾರುಗಳೇ ಉಳಿಯುತ್ತವೆ. ಇದನ್ನು ಮಾಹಿತಿಯ ಅಸಮತೋಲನ ಎನ್ನುತ್ತಾರೆ. ಈ ಕ್ಷೇತ್ರದ ಕೆಲಸಕ್ಕಾಗಿ ಅಕರ್ಲಾಫ್ ಅವರಿಗೆ ಮೈಕೇಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಜ್ ಅವರೊಂದಿಗೆ 2001ರ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಬಂತು.

ಮನೆಗೂ ಇದೇ ಮಾತು ಅನ್ವಯಿಸುತ್ತದೆ. ಏನೋ ಮುಚ್ಚಿಟ್ಟಿದ್ದಾರೆ ಎಂಬ ಅನುಮಾನ ಹುಟ್ಟಿದ ಮೇಲೆ ಕೊಳ್ಳುವವನು ಗೋಡೆಗೆ ಮಾತ್ರವಲ್ಲ, ಕಾಣದ ಎಲ್ಲದಕ್ಕೂ ಬೆಲೆ ಕಡಿಮೆ ಮಾಡುತ್ತಾನೆ. ದೋಷ ಇಷ್ಟೇ, ಸರಿಪಡಿಸಲು ಇಷ್ಟು ಖರ್ಚು ಎಂದು ತಿಳಿದರೆ ಅಷ್ಟಕ್ಕೆ ಮಾತ್ರ ಚೌಕಾಸಿ ಮಾಡುತ್ತಾನೆ. ನಾವು ಮೇಸ್ತ್ರಿಯಿಂದ ಅಂದಾಜನ್ನು ಕಾಗದದಲ್ಲಿ ಬರೆಸಿಕೊಂಡೆವು. ಆ ಗೋಡೆಗೆ ಬಣ್ಣ ಹೊಡೆಸಲಿಲ್ಲ.

ಕಾಗದಪತ್ರ ಮತ್ತು ಪಾಲು

ಮನೆ ಸಿದ್ಧವಾದರೆ ಸಾಲದು, ಕಾಗದವೂ ಸಿದ್ಧವಿರಬೇಕು. ಮೂಲ ಹಕ್ಕುಪತ್ರ, ಭೂ ಪರಿವರ್ತನೆಯ ಆದೇಶ, ಪಂಚಾಯತ್ ವ್ಯಾಪ್ತಿಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11, ನಗರವಾದರೆ ಇ-ಖಾತಾ, ಮನೆ ತೆರಿಗೆಯ ರಶೀದಿ, ಮೆಸ್ಕಾಂ ಬಿಲ್ಲು ಒಂದೇ ಫೈಲಿನಲ್ಲಿರಲಿ. ಉಪನೋಂದಣಾಧಿಕಾರಿ ಕಚೇರಿಯ ಋಣಭಾರ ಪ್ರಮಾಣಪತ್ರದಲ್ಲಿ ಆಸ್ತಿಯ ಮೇಲಿನ ನೋಂದಾಯಿತ ಸಾಲ, ಮಾರಾಟ ಮುಂತಾದವು ಕಾಣುತ್ತವೆ. ವ್ಯವಹಾರ ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16. ನೋಂದಣಿಯಾಗದ ಒಪ್ಪಂದಗಳು ಇದರಲ್ಲಿ ಕಾಣುವುದಿಲ್ಲ.

ಮನೆಯ ಯಜಮಾನರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಬೇಕು. ಇಲ್ಲಿ ಪಾಲಿನ ಪ್ರಶ್ನೆ ಬರುತ್ತದೆ. ಅಜ್ಜನ ವಾರಸುದಾರರು ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ಮಕ್ಕಳಿರುವಾಗ ಹೆಂಡತಿಗೆ ಎಂಟನೇ ಒಂದು ಭಾಗ. ಉಳಿದದ್ದರಲ್ಲಿ ಮಗನಿಗೆ ಎರಡು ಭಾಗವಾದರೆ ಮಗಳಿಗೆ ಒಂದು. ಮನೆಯನ್ನು 48 ಭಾಗ ಎಂದುಕೊಂಡರೆ ಅಜ್ಜಿಗೆ 6, ಇಬ್ಬರು ಮಾವಂದಿರಿಗೆ ತಲಾ 14, ಉಮ್ಮನಿಗೂ ಚಿಕ್ಕಮ್ಮನಿಗೂ ತಲಾ 7. ಕೂಡಿಸಿದರೆ 48.

ಈ ಪಾಲು ಯಾರೋ ದಯೆಯಿಂದ ಕೊಡುವುದಲ್ಲ, ಅಜ್ಜ ತೀರಿಕೊಂಡ ಕ್ಷಣದಿಂದಲೇ ಅವರವರದ್ದು. ಆದ್ದರಿಂದ ಕ್ರಯಪತ್ರಕ್ಕೆ ಐವರ ಸಹಿಯೂ ಬೇಕು. ಹೆಣ್ಣುಮಗಳೊಬ್ಬಳು ಸಹಿ ಹಾಕದಿದ್ದರೆ ಅವಳ ಪಾಲು ಕೊಂಡವರಿಗೆ ಹೋಗುವುದಿಲ್ಲ. "ಅಕ್ಕ ತಂಗಿಯರು ಏನೂ ಹೇಳುವುದಿಲ್ಲ ಬಿಡಿ" ಎಂಬ ಮಾತನ್ನು ನಂಬಿ ಕೊಂಡವರು ಮುಂದೆ ನ್ಯಾಯಾಲಯ ಅಲೆಯಬೇಕಾಗಬಹುದು. ಇದು ಗೋಡೆಯ ಪಸೆಗಿಂತ ದೊಡ್ಡ ದೋಷ. ವಿದೇಶದಲ್ಲಿರುವವರು ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಪವರ್ ಆಫ್ ಅಟಾರ್ನಿ ಕಳುಹಿಸಬಹುದು. ಸಣ್ಣ ಮಾವ ಹಾಗೆಯೇ ಮಾಡಿದರು.

ತೋರಿಸುವ ದಿನ

ನೋಡಲು ಬರುವವರಿಗೆ ಹೊತ್ತು ಮೊದಲೇ ಗೊತ್ತುಮಾಡಬೇಕು. ಮನೆಯಲ್ಲಿ ಹೆಂಗಸರು, ವಯಸ್ಸಾದವರು ಇದ್ದರೆ ಅವರಿಗೂ ತಯಾರಾಗಲು ಸಮಯ ಬೇಕು. ಬಾಡಿಗೆಗೆ ಇದ್ದವರ ಮನೆಯಾದರೆ ಅವರನ್ನು ಕೇಳಿಯೇ ಹೋಗಬೇಕು. ಬೆಳಗಿನ ಹೊತ್ತು ಒಳ್ಳೆಯದು. ಮೂಲ ಪತ್ರಗಳನ್ನು ಯಾರ ಕೈಗೂ ಕೊಡದೆ ಜೆರಾಕ್ಸ್ ಮಾತ್ರ ಕೊಡಬೇಕು, ದಲ್ಲಾಳಿಗೂ ಅಷ್ಟೇ. ಮನೆಯವರೆಲ್ಲ ಹಿಂದೆ ಹಿಂದೆ ಹೋಗಿ ಹೊಗಳುವ ಅಗತ್ಯವಿಲ್ಲ. ಒಬ್ಬರು ಜೊತೆಗಿದ್ದು ಕೇಳಿದ್ದಕ್ಕೆ ಉತ್ತರಿಸಿದರೆ ಸಾಕು. ಅವರು ತಮ್ಮೊಳಗೆ ಮಾತನಾಡಿಕೊಳ್ಳಲು ಸ್ವಲ್ಪ ಹೊತ್ತು ಬಿಟ್ಟುಕೊಡಬೇಕು.

ನಮ್ಮಲ್ಲಿಗೆ ಬಂದವರಲ್ಲಿ ಇಬ್ಬರು ಗೋಡೆಯ ವಿಷಯ ಕೇಳಿ ಹಿಂದೆ ಸರಿದರು. ಮೂರನೆಯವರು ಶಾಲಾ ಶಿಕ್ಷಕ ದಂಪತಿ. ಅಜ್ಜಿ ಗೋಡೆ ತೋರಿಸಿ, ಮೇಸ್ತ್ರಿಯ ಕಾಗದವನ್ನೂ ಕೊಟ್ಟರು. ಅವರು ತಮ್ಮ ಮೇಸ್ತ್ರಿಯನ್ನು ಕರೆತಂದು ಇನ್ನೊಮ್ಮೆ ನೋಡಿದರು. ಕೊನೆಗೆ ಚರಂಡಿ ಕೆಲಸದ ನಲವತ್ತು ಸಾವಿರದ ಜೊತೆ ಗಾರೆಗೆಂದು ಹತ್ತು ಸಾವಿರ ಸೇರಿಸಿ, ಐವತ್ತು ಸಾವಿರ ಕಡಿಮೆ ಮಾಡಿ ವ್ಯವಹಾರ ಮುಗಿಯಿತು. ಉಮ್ಮನ ಪಾಲಿನಲ್ಲಿ ಇದರಿಂದ ಕಡಿಮೆಯಾದದ್ದು ಏಳು ಸಾವಿರ ಚಿಲ್ಲರೆ. ಅಕ್ಕನ ಮೊದಲ ವರ್ಷದ ಫೀಸು ಕಟ್ಟಿಯಾಯಿತು.

ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದಾಗ ದೊಡ್ಡವರ ಜೊತೆ ಕುಳಿತು ಒಂದು ಹಾಳೆಯಲ್ಲಿ ಮೂರು ಪಟ್ಟಿ ಬರೆಯಿರಿ: ತೊಳೆಯಬೇಕಾದದ್ದು, ಸರಿಪಡಿಸಬೇಕಾದದ್ದು, ಸರಿಪಡಿಸಲಾಗದೆ ಉಳಿದು ಕೊಳ್ಳುವವರಿಗೆ ಹೇಳಬೇಕಾದದ್ದು. ಮೊದಲ ಎರಡು ಪಟ್ಟಿಯ ಕೆಲಸಕ್ಕೆ ನಮ್ಮಂಥವರ ರಜೆ ಸಾಕು. ಮೂರನೆಯ ಪಟ್ಟಿಯನ್ನು ಮಾತ್ರ ಮನೆಯವರೆಲ್ಲ ಸೇರಿ ಒಪ್ಪಿಕೊಳ್ಳಬೇಕು, ಅದೂ ಮೊದಲ ವ್ಯಕ್ತಿ ಮನೆ ನೋಡಲು ಬರುವ ಮುಂಚೆ.